ಕಡೇ ಪಂಕ್ತಿಯವರ ಊಟ

ಮಗ ಪಿಯುಸಿ ಪಾಸಾದ, ಮಗಳಿಗೆ ಕೆಲಸ ಸಿಕ್ಕಿತು, ಅಪ್ಪನಿಗೆ ಅರವತ್ತು ತುಂಬಿತು, ಗಂಡ ಹೆಂಡತಿ ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತು. ಇಂಥ ದಿನ ಬಂದಾಗ ಕೃಷ್ಣರಾಜಪೇಟೆ ತಾಲ್ಲೂಕಿನ ನಮ್ಮ ಶೀಳನೆರೆ ಹೋಬಳಿಯ ಮನೆಗಳಲ್ಲೂ ಈಗ ಒಂದು ಮಾತು ಕೇಳುತ್ತದೆ: ‘ಎಲ್ಲಾದ್ರೂ ಹೊರಗಡೆ ಹೋಗಿ ಊಟ ಮಾಡ್ಕೊಂಡು ಬರೋಣ.’ ಹೊರಗಡೆ ಎಂದರೆ ಪೇಟೆಯ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಲ್ಲ. ಹೆದ್ದಾರಿಯಿಂದ ಒಳಕ್ಕೆ ತಿರುಗಿ, ತೆಂಗಿನ ತೋಟದ ನಡುವೆ, ಹೆಂಚು ಹೊದಿಸಿದ, ಮುಂದೆ ಕಾರು ನಿಲ್ಲಿಸಲು ಜಾಗ ಇರುವ ಹೋಟೆಲು. ಇದಕ್ಕೆ ಮನೆಯ ಹಿರಿಯರದು ಒಂದೇ ಆಕ್ಷೇಪ: ‘ಯಾಕ್ರಪ್ಪಾ, ನಮ್ಮನೇಲಿ ಒಲೆ ಉರಿಯಲ್ವಾ?’

ಈ ಪ್ರಶ್ನೆಯನ್ನು ಹಳೇ ಕಾಲದವರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಊಟಕ್ಕೆ ಕರೆಯುವುದು, ಕೂರಿಸಿ ಬಡಿಸುವುದು, ‘ಇನ್ನೊಂದು ತುತ್ತು’ ಎಂದು ಬಲವಂತ ಮಾಡುವುದು ನಮ್ಮ ಕಡೆ ಮನೆತನದ ಮರ್ಯಾದೆಯ ಸಂಗತಿ. ವಿಶೇಷದ ದಿನವೇ ಬಾಗಿಲಿಗೆ ಬೀಗ ಹಾಕಿಕೊಂಡು ಹೋಗಿ ದುಡ್ಡು ಕೊಟ್ಟು ಉಣ್ಣುವುದು ಸರಿಯೇ? ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಎಂಥ ಹೋಟೆಲಿನಲ್ಲಿ, ಯಾರ ಜೊತೆ ಕೂತು ಉಣ್ಣುತ್ತೇವೆ ಎಂಬುದನ್ನು ಬಿಟ್ಟು ಬರೀ ‘ಹೊರಗಡೆ ಊಟ’ಕ್ಕೆ ನಾನು ಸರಿ ಎನ್ನಲಾರೆ.

ಮೊದಲು ಒಂದು ತಪ್ಪು ಕಲ್ಪನೆ ಹೋಗಬೇಕು. ವಿಶೇಷದ ಊಟಕ್ಕೆ ಊರು ಬಿಟ್ಟು ದೂರ ಹೋಗುವುದು ಮಂಡ್ಯ ಸೀಮೆಗೆ ಹೊಸದೇನಲ್ಲ. ಮಗು ಹುಟ್ಟಿದರೆ, ಕಾಯಿಲೆ ವಾಸಿಯಾದರೆ, ಬೋರ್‌ವೆಲ್ಲಿನಲ್ಲಿ ನೀರು ಬಿದ್ದರೆ ಹರಕೆ ತೀರಿಸಲು ಟ್ರ್ಯಾಕ್ಟರಿಗೆ ಅಕ್ಕಿ, ರಾಗಿ ಹಿಟ್ಟು, ಸೌದೆ, ಪಾತ್ರೆ, ಮರಿ, ಕೋಳಿ ಎಲ್ಲ ಏರಿಸಿಕೊಂಡು ಹೊರಡುವುದು ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ದಡದ ಮುತ್ತತ್ತಿಗೆ ಹೋಗುತ್ತಾರೆ. ಕೊಳ್ಳೇಗಾಲದ ಆಚೆಯ ಚಿಕ್ಕಲ್ಲೂರಿಗೆ ಹೋಗುತ್ತಾರೆ. ಚಿಕ್ಕಲ್ಲೂರಿನ ಸಿದ್ಧಪ್ಪಾಜಿ ಜಾತ್ರೆ ಬನದ ಹುಣ್ಣಿಮೆಯಿಂದ ಐದು ದಿನ. ಅದರಲ್ಲಿ ನಾಲ್ಕನೆಯ ದಿನ ಪಂಕ್ತಿ ಸೇವೆ. ಬಯಲಿನಲ್ಲಿ ಬಿಡಾರ ಹೂಡಿ, ಮೂರು ಕಲ್ಲಿಟ್ಟು ಒಲೆ ಹಚ್ಚಿ, ಬಾಡಿನ ಅಡುಗೆ ಮಾಡಿ, ಮಂಟೇಸ್ವಾಮಿ ಪರಂಪರೆಯ ಒಕ್ಕಲೆಲ್ಲ ಜಾತಿಯ ಸಾಲು ಕೇಳದೆ ಕೂತು ಉಣ್ಣುವ ದಿನ ಅದು. ಮನೆಯಲ್ಲಿ ಒಲೆ ಇಲ್ಲವೆಂದು ಅಷ್ಟು ದೂರ ಯಾರೂ ಹೋಗುವುದಿಲ್ಲ. ಮನೆಯೊಳಗೆ ಆಗದ ಒಂದು ಊಟ ಅಲ್ಲಿ ಆಗುತ್ತದೆ, ಅದಕ್ಕೇ ಹೋಗುತ್ತಾರೆ.

ಹಾಗಾದರೆ ಮನೆಯೊಳಗೆ ಆಗದ್ದು ಏನು? ಇದನ್ನು ತಿಳಿಯಬೇಕಾದರೆ ಹಬ್ಬದ ದಿನ ಅಡುಗೆಮನೆಗೆ ಹೋಗಿ ನಿಲ್ಲಬೇಕು.

ಯುಗಾದಿಯ ಮಾರನೆಯ ದಿನದ ಹೊಸತೊಡಕನ್ನೇ ತೆಗೆದುಕೊಳ್ಳಿ. ಊರಿನ ಗಂಡಸರು ತಿಂಗಳುಗಟ್ಟಲೆ ಚೀಟಿ ಕಟ್ಟಿ ಮರಿ ತಂದಿರುತ್ತಾರೆ. ನಸುಕಿನಲ್ಲೇ ಕುಯ್ದು, ತೆಂಗಿನಗರಿಯ ಮೇಲೆ ಗುಡ್ಡೆ ಹಾಕಿ, ಎಲ್ಲರಿಗೂ ಸಮನಾಗಿ ಬರುವಂತೆ ಕಣ್ಣಳತೆಯಲ್ಲೇ ಹಂಚುತ್ತಾರೆ. ನ್ಯಾಯವಾದ ಹಂಚಿಕೆ ಅದು, ನೋಡುವುದಕ್ಕೇ ಖುಷಿ. ಗುಡ್ಡೆ ಬಾಡು ಮನೆ ಸೇರಿದ ಮೇಲೆ ಕೆಲಸ ಕೈ ಬದಲಾಗುತ್ತದೆ. ತೊಳೆಯುವುದು, ಬೋಟಿ ಬಿಡಿಸಿ ಬಿಸಿನೀರಿನಲ್ಲಿ ಉಜ್ಜುವುದು, ಕೊತ್ತಂಬರಿ ಬೀಜ, ಚಕ್ಕೆ, ಲವಂಗ, ಕಾಯಿ ಹುರಿದು ಖಾರ ರುಬ್ಬುವುದು. ಆಮೇಲೆ ಹಿಟ್ಟು. ಮನೆಗೆ ಬಂದ ನೆಂಟರಿಗೆಲ್ಲ ಸಾಲುವಷ್ಟು ಹಿಟ್ಟು ತಿರುವುವುದು ಸಣ್ಣ ಕೆಲಸವಲ್ಲ. ಎಸರು ಮರಳಬೇಕು. ಅದಕ್ಕೆ ಹಿಟ್ಟು ಸುರಿದು, ನಡುವೆ ಕೋಲಿನಲ್ಲಿ ತೂತು ಮಾಡಿ, ಆ ತೂತಿನಲ್ಲಿ ನೀರು ಉಕ್ಕುವವರೆಗೆ ಬೇಯಲು ಬಿಡಬೇಕು. ಪಾತ್ರೆ ಕೆಳಗಿಳಿಸಿ, ಅಲ್ಲಾಡದಂತೆ ಕವೆಗೋಲಿನಲ್ಲಿ ಒತ್ತಿ, ಕವೆಯ ತುದಿಯನ್ನು ಪಾದದಲ್ಲಿ ಮೆಟ್ಟಿ, ಗಂಟು ಒಡೆಯುವವರೆಗೆ ಎರಡೂ ಕೈಯಲ್ಲಿ ತಿರುವಬೇಕು. ಕೈ ತಣ್ಣೀರಿಗೆ ಅದ್ದಿಕೊಂಡು, ಸುಡುವ ಹಿಟ್ಟನ್ನು ಮಣೆಯ ಮೇಲೆ ಉರುಳಿಸಿ ಮುದ್ದೆ ಕಟ್ಟಬೇಕು. ಅಂಗೈ ಕೆಂಪಾಗದೆ ಯಾರೂ ಇಪ್ಪತ್ತು ಮುದ್ದೆ ಕಟ್ಟಿಲ್ಲ. ಕಟ್ಟಿದ ಮುದ್ದೆ ಬಿಸಿಯಲ್ಲೇ ಹೋಗಬೇಕು. ಆದ್ದರಿಂದ ಕಟ್ಟುವವಳು ಉಣ್ಣಲು ಕೂರುವಂತಿಲ್ಲ. ಮೊದಲ ಪಂಕ್ತಿ ನೆಂಟರ ಗಂಡಸರಿಗೆ, ಎರಡನೆಯದು ಮಕ್ಕಳಿಗೆ, ಆಮೇಲೆ ಹೊತ್ತಾಗಿ ಬಂದವರಿಗೆ. ಮನೆಯ ಹೆಂಗಸರದು ಕಡೇ ಪಂಕ್ತಿ. ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಉಳಿದಿರುವುದು ಮೂಳೆ, ತಿಳಿ ಸಾರು, ಆರಿದ ಹಿಟ್ಟು.

ಇನ್ನೊಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ನಮ್ಮ ಸೀಮೆಯಲ್ಲಿ ಗಂಡಸರಿಗೆ ಅಡುಗೆ ಬರುವುದಿಲ್ಲ ಎಂದೇನಿಲ್ಲ. ಬೀಗರ ಊಟಕ್ಕೆ ಸಾವಿರ ಜನಕ್ಕೆ ಬಾಡು ಬೇಯಿಸುವವರು, ಊರಹಬ್ಬದ ಕೊಪ್ಪರಿಗೆಯ ಮುಂದೆ ನಿಂತು ಹುಟ್ಟು ಹಾಕುವವರು ಗಂಡಸರೇ. ಬಯಲಿನ ಅಡುಗೆ ಗಂಡಸಿನದು, ಅದಕ್ಕೆ ಕೂಲಿಯೂ ಉಂಟು, ಹೆಸರೂ ಉಂಟು. ಮನೆಯ ಒಲೆ ಹೆಂಗಸಿನದು, ಅದಕ್ಕೆ ಎರಡೂ ಇಲ್ಲ. ಕೇಂದ್ರದ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಅಂಥ ಕೆಲಸಕ್ಕೆ ಕೈಹಾಕುವ ಗಂಡಸರು 97 ನಿಮಿಷ. ಇದು ಸಾಮಾನ್ಯ ದಿನದ ಲೆಕ್ಕ. ಹಬ್ಬದ ದಿನ, ಹುಟ್ಟುಹಬ್ಬದ ದಿನ, ಮನೆಗೆ ನೆಂಟರು ತುಂಬಿದ ದಿನ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಪ್ರತಿ ಮನೆಗೂ ಗೊತ್ತು. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಊಟ ಹಾಕುವ ಮನೆಯಲ್ಲಿ, ಆ ಇಪ್ಪತ್ತೈದು ವರ್ಷವನ್ನು ಬಾಳಿದವಳೇ ನಸುಕಿನಿಂದ ಒಲೆಯ ಮುಂದೆ ನಿಂತಿರುತ್ತಾಳೆ.

‘ನಮ್ಮನೇಲಿ ಒಲೆ ಉರಿಯಲ್ವಾ’ ಎಂಬ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಉರಿಯುತ್ತದೆ, ಆದರೆ ಅದರ ಮುಂದೆ ನಿಂತವರೂ ಆ ದಿನದ ಊಟಕ್ಕೆ ಹಕ್ಕುದಾರರು. ಹೋಟೆಲಿನ ಮೇಜಿನ ಮುಂದೆ ಅಜ್ಜಿ, ಸೊಸೆ, ಮೊಮ್ಮಗಳು ಎಲ್ಲರೂ ಮೊದಲ ಪಂಕ್ತಿ. ಬಿಸಿ ಮುದ್ದೆ ಅವರ ಎಲೆಗೂ ಬೀಳುತ್ತದೆ. ‘ನಂಗೆ ಇನ್ನೊಂದು ಚೂರು ಗೊಜ್ಜು ಹಾಕಪ್ಪ’ ಎಂದು ಬಡಿಸುವವನನ್ನು ಕೇಳುವ ಹೆಂಗಸಿನ ಮುಖ ನೋಡಿದವರಿಗೆ ಈ ವಾದವನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಕಾರಣ ಇನ್ನೂ ಗಟ್ಟಿಯಾದದ್ದು, ಹೇಳುವುದಕ್ಕೆ ಇನ್ನೂ ಕಷ್ಟದ್ದು. ನಮ್ಮ ಮನೆಯ ಹಬ್ಬದೂಟ ಎಲ್ಲರಿಗೂ ತೆರೆದಿತ್ತು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಎಲ್ಲರಿಗೂ ತೆರೆದಿರಲಿಲ್ಲ. ಗದ್ದೆಯಲ್ಲಿ ದುಡಿದವರಿಗೆ ಹಿತ್ತಿಲಲ್ಲಿ, ಜಗಲಿಯ ಕೆಳಗೆ, ಅವರೇ ತಂದ ಪಾತ್ರೆಗೆ ಬಡಿಸಿದ ಮನೆಗಳು ಹಳೇ ಮೈಸೂರಿನ ಪ್ರತಿ ಹಳ್ಳಿಯಲ್ಲೂ ಇದ್ದವು. ಬೇರೆ ಲೋಟ ಇಟ್ಟ ಟೀ ಅಂಗಡಿಗಳೂ ಇದ್ದವು. ಮನೆಯ ಬಾಗಿಲನ್ನು ಕಾನೂನು ತೆರೆಸಲಾರದು. ಹೋಟೆಲಿನ ಬಾಗಿಲನ್ನು ತೆರೆಸಬಲ್ಲದು, ತೆರೆಸಿತು. ಸಂವಿಧಾನದ 15ನೇ ವಿಧಿಯ ಎರಡನೆಯ ಉಪವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳನ್ನು ಹೆಸರಿಸಿಯೇ ಹೇಳುತ್ತದೆ: ಜಾತಿ, ಧರ್ಮ, ಲಿಂಗದ ಕಾರಣಕ್ಕೆ ಯಾರನ್ನೂ ಅಲ್ಲಿ ತಡೆಯುವಂತಿಲ್ಲ. ಅಸ್ಪೃಶ್ಯರೆಂದು ತಡೆಯುವವರನ್ನು ಶಿಕ್ಷಿಸಲು ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ 1955ರಲ್ಲಿ ಬಂತು. ದೇಶದ ಮೂಲ ಕಾನೂನು ಬರೆಯುವಾಗ ಕೆರೆ, ಬಾವಿ, ರಸ್ತೆಯ ಜೊತೆ ಹೋಟೆಲನ್ನೂ ಬರೆಯಬೇಕಾಯಿತು ಎಂದರೆ ಜೊತೆಗೆ ಕೂತು ಉಣ್ಣುವುದು ನಮ್ಮಲ್ಲಿ ಎಷ್ಟು ದೊಡ್ಡ ಸಂಗತಿ ಎಂದು ಲೆಕ್ಕ ಹಾಕಿ. ತಮ್ಮ ಹಳ್ಳಿಯಲ್ಲಿ ಇನ್ನೂ ಜಗಲಿ ಹತ್ತಿಸದ ಮನೆಗಳಿರುವ ಒಬ್ಬ ದಲಿತ ಶಿಕ್ಷಕ, ಮಗಳು ಇಂಜಿನಿಯರಿಂಗ್ ಮುಗಿಸಿದ ದಿನ ಸಂಸಾರವನ್ನು ಕರೆದುಕೊಂಡು ಹೋಗಿ ಒಳ್ಳೆಯ ಹೋಟೆಲಿನಲ್ಲಿ ನಡುಮೇಜು ಹಿಡಿದು ಕೂತರೆ, ಅದನ್ನು ಶೋಕಿ ಎನ್ನುವ ಅಧಿಕಾರ ಯಾರಿಗೂ ಇಲ್ಲ.

ಜೊತೆಗೆ ಕೂರುವುದೆಂದರೆ ಏನು ಉಣ್ಣುತ್ತೇವೆ ಎಂಬುದೂ ಸೇರುತ್ತದೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಲ್ಲಿ ಬಾಡೂಟವನ್ನೂ ಬಡಿಸಬೇಕೆಂಬ ಕೂಗು ಎದ್ದದ್ದು ನೆನಪಿರಬಹುದು. ಬಾಯಿ ಚಪಲದ ಬೇಡಿಕೆ ಎಂದು ಕೆಲವರು ಹಗುರ ಮಾಡಿದರು. ನನಗೆ ಹಾಗನ್ನಿಸಲಿಲ್ಲ. ಜಿಲ್ಲೆಯ ಬಹುಪಾಲು ಮನೆಗಳಲ್ಲಿ ನೆಂಟರಿಗೆ ಗೌರವದಿಂದ ಬಡಿಸುವ ಊಟವನ್ನು ಸಾರ್ವಜನಿಕ ಪಂಕ್ತಿಯಲ್ಲಿ ಬಚ್ಚಿಡಬೇಕೇ ಎಂಬ ಪ್ರಶ್ನೆ ಅದು. ಊರಾಚೆಯ ಒಳ್ಳೆಯ ಹೋಟೆಲು ಆ ಪ್ರಶ್ನೆಗೆ ಗಲಾಟೆಯಿಲ್ಲದೆ ಉತ್ತರ ಕೊಡಬಲ್ಲದು: ಒಂದೇ ಸೂರಿನಡಿ ಸೊಪ್ಪಿನ ಬಸ್ಸಾರೂ ಇರಲಿ, ನಾಟಿಕೋಳಿ ಸಾರೂ ಇರಲಿ.

ಇದರ ವಿರುದ್ಧ ಹೇಳಬಹುದಾದ ಬಲವಾದ ಮಾತು ಒಂದಿದೆ. ಹರಕೆಯ ಊಟಕ್ಕೆ ಬಿಲ್ಲಿಲ್ಲ. ಚಿಕ್ಕಲ್ಲೂರಿನ ಬಯಲಿನಲ್ಲಿ ಪಕ್ಕದ ಬಿಡಾರದವರು ಬಂದು ಕೂತರೆ ಎಲೆ ಹಾಕುತ್ತಾರೆ, ಲೆಕ್ಕ ಕೇಳುವುದಿಲ್ಲ. ಹೋಟೆಲಿಗೆ ಹೋಗುವಾಗ ತಲೆ ಎಣಿಸಬೇಕು. ಚಿಕ್ಕಪ್ಪನ ಮನೆಯವರನ್ನು ಬಿಡೋಣವೇ, ಪಕ್ಕದ ಮನೆಯ ಅಜ್ಜಿಯನ್ನು ಕರೆಯೋಣವೇ ಎಂಬ ಮಾತು ಬರುತ್ತದೆ, ಸಾಮಾನ್ಯವಾಗಿ ಬಿಡುವುದೇ ಆಗುತ್ತದೆ. ನಂಟು ಇಷ್ಟಿಷ್ಟೇ ಸಣ್ಣದಾಗುತ್ತಾ ಒಂದು ಕಾರಿಗೆ ಹಿಡಿಯುವಷ್ಟಾಗುತ್ತದೆ. ಇದು ನಿಜವಾದ ನಷ್ಟ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಿದ್ದೇವೆ. ಬೀಗರ ಊಟಕ್ಕೆ ಬಡ್ಡಿಗೆ ಸಾಲ ತಂದು, ಸಾವಿರ ಎಲೆ ಹಾಕಿಸಿ, ಮುಂದಿನ ಎರಡು ಕಬ್ಬಿನ ಬೆಳೆಯನ್ನು ಅದಕ್ಕೇ ಕಟ್ಟಿದ ಸಂಸಾರಗಳು ನಮ್ಮ ನಡುವೆ ಎಷ್ಟಿಲ್ಲ? ಎಣಿಸದೆ ಬಡಿಸುವ ಔದಾರ್ಯಕ್ಕೆ ಆಮೇಲೆ ಯಾರೋ ಒಬ್ಬರು ಎಣಿಸಿ ಎಣಿಸಿ ತೆರುತ್ತಾರೆ. ಊರಿಗೆಲ್ಲ ಊಟ ಹಾಕುವ ದಿನಗಳು ಉಳಿಯಲಿ, ಊರಹಬ್ಬ ಇರಲಿ, ಜಾತ್ರೆ ಇರಲಿ. ಮನೆಯ ಸಣ್ಣ ಸಂತೋಷವನ್ನೆಲ್ಲ ಊರೂಟ ಮಾಡಲೇಬೇಕೆಂಬ ಹಟ ಬೇಡ.

ಇಷ್ಟು ಹೇಳಿದ ಮೇಲೆ ಈಗ ಕಟ್ಟುತ್ತಿರುವ ಹೋಟೆಲುಗಳ ಮಾತಿಗೆ ಬರಬೇಕು. ಇಲ್ಲಿ ನನಗೆ ಸಮಾಧಾನವಿಲ್ಲ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬದಿಗಿಟ್ಟು ರಸ್ತೆ ಹಾದುಹೋಯಿತು. ಹಳೆಯ ರಸ್ತೆಯ ಬದಿಯಲ್ಲಿ ತಟ್ಟೆಇಡ್ಲಿ, ಮದ್ದೂರು ವಡೆ ಮಾರಿ ಬದುಕಿದ್ದವರ ಗಿರಾಕಿ ಕಡಿಮೆಯಾದರು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ನಿಷೇಧ ಬಂತು. ಹಳ್ಳಿಯವರ ಬಂಡಿಗಳೆಂದರೆ ಈ ಮೂರೇ. ಹೊಸ ಹೋಟೆಲುಗಳು ಯಾರ ಬಂಡಿಯನ್ನು ಕಾಯುತ್ತಾ ಕೂತಿವೆ ಎಂಬುದು ಇಲ್ಲೇ ತಿಳಿಯುತ್ತದೆ. ಪಾಂಡವಪುರದ ಕಡೆ, ಕೆಆರ್‌ಎಸ್ ಹಿನ್ನೀರಿನ ಕಡೆ, ಮಂಗಳೂರು ಹೆದ್ದಾರಿಯ ಬೆಳ್ಳೂರು ಕ್ರಾಸಿನ ಸುತ್ತಮುತ್ತ ತೋಟದೊಳಗೆ ಏಳುತ್ತಿರುವ ಊಟದ ಮನೆಗಳು ಶನಿವಾರ ಭಾನುವಾರದ ಬೆಂಗಳೂರಿನವರಿಗೆ. ಅದರಲ್ಲಿ ತಪ್ಪೇನಿಲ್ಲ, ವ್ಯಾಪಾರ ನಡೆಯಬೇಕು. ಆದರೆ ಒಳಗೆ ಹೋಗಿ ಕೂತರೆ ಮೆನು ಕಾರ್ಡಿನಲ್ಲಿ ಗೋಬಿ ಮಂಚೂರಿ, ಪನ್ನೀರ್ ಬಟರ್ ಮಸಾಲ, ಚಿಕನ್ ಕಬಾಬು. ಬೆಂಗಳೂರಿನ ಯಾವ ಬೀದಿಯಲ್ಲೂ ಸಿಗುವ ತಿನಿಸಿಗೆ ಇಷ್ಟು ದೂರ ಯಾಕೆ ಬರಬೇಕು? ಹಳ್ಳಿಯ ಸೊಗಡು ಬರಲೆಂದು ಬಾಗಿಲಲ್ಲಿ ಎತ್ತಿನಗಾಡಿಯ ಚಕ್ರ ಒರಗಿಸಿರುತ್ತಾರೆ, ಪಕ್ಕದಲ್ಲಿ ಬೀಸೋಕಲ್ಲು ಇಟ್ಟು ಹೂವು ತುಂಬಿರುತ್ತಾರೆ. ಆ ಬೀಸೋಕಲ್ಲಿನ ಗೂಟ ಹಿಡಿದು ನಮ್ಮ ಅಜ್ಜಿಯರು ರಾತ್ರಿ ಕೊನೆಯ ಜಾವದಲ್ಲಿ ರಾಗಿ ಬೀಸಿ ರಟ್ಟೆ ಸೋತವರು. ಅದನ್ನು ಅಲಂಕಾರಕ್ಕಿಟ್ಟವರು ಒಳಗೆ ಒಂದು ಮುದ್ದೆಯನ್ನಾದರೂ ಸರಿಯಾಗಿ ಕಟ್ಟಿ ಬಡಿಸಬೇಕು.

ಹಳ್ಳಿಯವರಿಗೆ ಉಳಿದಿರುವುದು ತಾಲ್ಲೂಕು ರಸ್ತೆಗಳ ‘ಫ್ಯಾಮಿಲಿ ರೆಸ್ಟೋರೆಂಟು’ಗಳು. ಬಹಳಷ್ಟು ಕಡೆ ಮುಂದೆ ಬಾರು, ಹಿಂದೆ ಫ್ಯಾಮಿಲಿ ರೂಮು. ಹೆಂಗಸರು ಕುಡಿಯುವವರ ಮೇಜುಗಳನ್ನು ಹಾದು ಹೋಗಿ, ಪ್ಲೈವುಡ್ಡಿನ ಗೂಡಿನೊಳಗೆ, ಪರದೆ ಎಳೆದುಕೊಂಡು, ಹೊರಗಿನ ಗದ್ದಲ ಕೇಳುತ್ತಾ ಉಣ್ಣಬೇಕು. ಹೆಣ್ಣಿಗೆ ಮೊದಲ ಪಂಕ್ತಿ ಕೊಡಬಲ್ಲ ಜಾಗವೇ ಅವಳನ್ನು ಪರದೆಯ ಹಿಂದೆ ಕೂರಿಸಿದರೆ ಮನೆಯ ಅಡುಗೆಮನೆಗೂ ಅದಕ್ಕೂ ವ್ಯತ್ಯಾಸ ಕಡಿಮೆ. ಕಕ್ಕಸಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಚಿಲಕವಿಲ್ಲದ, ನೀರಿಲ್ಲದ, ಗಂಡಸರಿಗೂ ಹೆಂಗಸರಿಗೂ ಒಂದೇ ಆದ ಕಕ್ಕಸಿರುವ ಹೋಟೆಲಿಗೆ ಅಜ್ಜಿಯನ್ನು ಕರೆದೊಯ್ದರೆ ಅವಳು ಬೆಳಿಗ್ಗೆಯಿಂದಲೇ ನೀರು ಕುಡಿಯದೆ ಹೊರಡುತ್ತಾಳೆ. ಅರ್ಧ ಊಟ ಮಾಡಿ ‘ಸಾಕಪ್ಪಾ, ಹೊಟ್ಟೆ ತುಂಬ್ತು’ ಎನ್ನುತ್ತಾಳೆ. ಮಕ್ಕಳು ಅದನ್ನು ನಂಬುತ್ತಾರೆ.

ಹೆಂಗಸರು ಹೊರಗೆ ಹೊರಡಲು ಸಿದ್ಧರಿಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. 2023ರ ಜೂನ್ 11ರಂದು ಹೆಂಗಸರ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸುಗಳಲ್ಲಿ ಮೇಲುಕೋಟೆಗೆ, ಶ್ರೀರಂಗಪಟ್ಟಣಕ್ಕೆ, ಆದಿಚುಂಚನಗಿರಿಗೆ ಹೊರಟವರು ಯಾರೆಂದು ಎಲ್ಲರೂ ನೋಡಿದ್ದೇವೆ. ಮೇಲುಕೋಟೆಯಲ್ಲಿ ದೇವರ ದರ್ಶನ ಮುಗಿಸಿ, ಕಲ್ಯಾಣಿಯ ಮೆಟ್ಟಿಲ ಮೇಲೆ ಪುಳಿಯೋಗರೆ ಪೊಟ್ಟಣ ಬಿಚ್ಚಿ, ಯಾರಿಗೂ ಬಡಿಸುವ ಅವಸರವಿಲ್ಲದೆ ಗುಂಪಾಗಿ ಉಣ್ಣುವ ಹೆಂಗಸರನ್ನು ನೋಡಿ. ಹೊರಗಿನ ಊಟ ಯಾರಿಗೆ ಬೇಕಿತ್ತು ಎಂಬುದು ಗೊತ್ತಾಗುತ್ತದೆ.

ಊರಾಚೆಯ ಹೋಟೆಲು ಆ ನೆಲದ ಅಡುಗೆ ಮಾಡಿಯೇ ಲೋಕಪ್ರಸಿದ್ಧವಾಗಬಹುದು ಎಂಬುದಕ್ಕೆ ಫ್ರಾನ್ಸಿನ ಒಂದು ಉದಾಹರಣೆ ಕೊಡುತ್ತೇನೆ. ಟೈರು ಮಾಡುವ ಮಿಶೆಲಿನ್ ಕಂಪನಿ ಕಾರಿನವರಿಗಾಗಿ 1900ರಲ್ಲಿ ಕೈಪಿಡಿಯೊಂದನ್ನು ಹೊರತಂದಿತು, ಮುಂದೆ ಹೋಟೆಲುಗಳಿಗೆ ನಕ್ಷತ್ರ ಕೊಡತೊಡಗಿತು. ಮೂರು ನಕ್ಷತ್ರವೆಂದರೆ ಆ ಊಟಕ್ಕೆಂದೇ ಪ್ರಯಾಣ ಹೊರಡಬಹುದು ಎಂದರ್ಥ. 1933ರಲ್ಲಿ ಎರಡು ಹೋಟೆಲುಗಳಿಗೆ ಒಟ್ಟಿಗೇ ಮೂರು ಮೂರು ನಕ್ಷತ್ರ ಗಳಿಸಿದವಳು ಯೂಜೆನಿ ಬ್ರಾಜಿಯೆ. ರೈತಾಪಿ ಮನೆಯಲ್ಲಿ ಹುಟ್ಟಿ, ಲಿಯಾನ್ ನಗರದಲ್ಲಿ ಮನೆಗೆಲಸಕ್ಕೆ ಸೇರಿ, ಅಡುಗೆ ಕಲಿತವಳು. ಅವಳ ಎರಡು ಹೋಟೆಲುಗಳಲ್ಲಿ ಒಂದು ನಗರದಲ್ಲಿತ್ತು, ಇನ್ನೊಂದು ಊರಾಚೆಯ ಗುಡ್ಡದ ಮೇಲೆ, ಶುರುವಿನಲ್ಲಿ ಕರೆಂಟೂ ಗ್ಯಾಸೂ ಇಲ್ಲದ ಒಂದು ಸಾದಾ ಮನೆಯಲ್ಲಿ. ಬಡಿಸಿದ್ದು ಆ ಸೀಮೆಯ ಕೋಳಿ, ಆ ಸೀಮೆಯ ತರಕಾರಿ. ಮುಂದೆ ಜಗತ್ತಿಗೇ ಹೆಸರಾದ ಪಾಲ್ ಬೊಕ್ಯೂಸ್ ಅವಳ ಅಡುಗೆಮನೆಯಲ್ಲಿ ಕೆಲಸ ಕಲಿತವನು.

ನಮಗೆ ನಕ್ಷತ್ರ ಬೇಕಿಲ್ಲ. ಆದರೆ ಆ ಕ್ರಮ ನಮಗೂ ಒಪ್ಪುತ್ತದೆ. ಮಳವಳ್ಳಿ ಸೀಮೆಯ ಬಂಡೂರು ಕುರಿಯ ಬಾಡಿಗಿಂತ ರುಚಿಯ ಬಾಡು ನಾನು ಕಾಣೆ. ನಮ್ಮ ಹೋಬಳಿಯ ಹೊಲಗಳಲ್ಲಿ ರಾಗಿ, ಹುರುಳಿ, ಅವರೆ ಇದೆ. ಹೇಮಾವತಿ ನಾಲೆಯ ಕೆಳಗೆ ಭತ್ತ, ಕಬ್ಬು ಇದೆ, ಆಲೆಮನೆಯ ಬೆಲ್ಲ ಇದೆ. ಹುರುಳಿ ಕಟ್ಟಿನ ಸಾರು, ಹಿತಕಿದ ಅವರೆಬೇಳೆ, ಉಪ್ಪೆಸರು, ಕೈಮದುಂಡೆ, ಬೋಟಿ ಗೊಜ್ಜು, ಕಾಯಿ ಹಾಲಿನ ಜೊತೆ ಒತ್ತು ಶಾವಿಗೆ: ಇವನ್ನು ಸರಿಯಾಗಿ ಬಲ್ಲವರು ಪ್ರತಿ ಹಳ್ಳಿಯಲ್ಲೂ ಇದ್ದಾರೆ, ಬಹುಪಾಲು ಹೆಂಗಸರು. ಉತ್ತರ ಕರ್ನಾಟಕದಲ್ಲಿ ರೊಟ್ಟಿ ಬಡಿದು ಖಾನಾವಳಿ ನಡೆಸಿ, ಮಕ್ಕಳನ್ನು ಓದಿಸಿದ ಹೆಂಗಸರು ಊರೂರಲ್ಲಿ ಸಿಗುತ್ತಾರೆ. ನಮ್ಮ ಕಡೆಯ ಮಿಲಿಟರಿ ಹೋಟೆಲು, ಮೆಸ್ಸುಗಳ ಗಲ್ಲಾದಲ್ಲಿ ಮಾತ್ರ ಹೆಣ್ಣು ಕೂತದ್ದು ಕಡಿಮೆ. ಕೇರಳದಲ್ಲಿ 1998ರಲ್ಲಿ ಹುಟ್ಟಿದ ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು ಹೋಟೆಲು ನಡೆಸುತ್ತಿದ್ದಾರೆ. ನಮ್ಮ ಸರ್ಕಾರವೂ 2024–25ರ ಬಜೆಟ್ಟಿನಲ್ಲಿ ಹಳ್ಳಿಗಾಡಿನ ಹೆಂಗಸರೇ ನಡೆಸುವ 50 ‘ಕೆಫೆ ಸಂಜೀವಿನಿ’ಗಳನ್ನು ಘೋಷಿಸಿತು. ರಾಜ್ಯಕ್ಕೆಲ್ಲ ಐವತ್ತು ಯಾವ ಮೂಲೆಗೆ ಸಾಕು? ಹೋಬಳಿಗೊಂದು ಬೇಕು. ಮನೆಯ ಒಲೆಯ ಮುಂದೆ ಯಾರೂ ಲೆಕ್ಕಕ್ಕಿಡದ ಕೈಗೆ ಹೋಟೆಲಿನಲ್ಲಿ ಸಂಬಳ ಸಿಗಬೇಕು, ಅಲ್ಲಿ ಬೇಯಿಸುವವಳಿಗೂ ಹೊತ್ತಿಗೆ ಸರಿಯಾಗಿ ಕೂತು ಉಣ್ಣುವ ಬಿಡುವು ಇರಬೇಕು. ಇಲ್ಲದಿದ್ದರೆ ಒಂದು ಮನೆಯ ಹೆಂಗಸಿಗೆ ಸಿಕ್ಕ ಮೊದಲ ಪಂಕ್ತಿಗೆ ಇನ್ನೊಂದು ಮನೆಯ ಹೆಂಗಸು ಬೆಲೆ ತೆರುತ್ತಾಳೆ.

ಹೋಟೆಲು ಕಟ್ಟುತ್ತಿರುವವರಲ್ಲಿ ನನ್ನ ಕೋರಿಕೆ ಇಷ್ಟು: ಪರದೆ ತೆಗೆಯಿರಿ. ಬಾರಿಗೆ ಬೇರೆ ಬಾಗಿಲಿಡಿ. ಹೆಂಗಸರ ಕಕ್ಕಸಿಗೆ ಚಿಲಕ, ಬಲ್ಬು, ನೀರು ಕೊಡಿ. ಕಾರಿನವರಿಗೆ ಮಾಡಿದಂತೆ ಬಸ್ಸಿಳಿದು ನಡೆದು ಬರುವವರಿಗೂ ದಾರಿ ಮಾಡಿ. ಗ್ರಾಮ ಪಂಚಾಯಿತಿಯವರು ಲೈಸೆನ್ಸ್ ಕೊಡುವ ಮುಂಚೆ ಒಳಗೆ ಹೋಗಿ ಇವಿಷ್ಟನ್ನು ಕಣ್ಣಾರೆ ನೋಡಲಿ. ಮನೆಯವರಲ್ಲಿ ಒಂದು ಮಾತು. ಮುಂದಿನ ಸಲ ವಿಶೇಷದ ಊಟಕ್ಕೆ ಎಲ್ಲಿಗೆ ಹೋಗೋಣ ಎಂದು ಮಾತಾಡುವಾಗ ಫೋನಿನಲ್ಲಿ ಹುಡುಕುವ ಮುಂಚೆ ಅಡುಗೆಮನೆಯಲ್ಲಿರುವವರನ್ನು ಕೇಳಿ, ಅವರು ಹೇಳಿದ ಕಡೆಗೇ ಹೋಗಿ.